ಟೈಮ್‌ಸ್ಟ್ಯಾಂಪ್ ಬಿಡಿಸುವ ಮೊದಲು ಅಂಕಿ ಎಣಿಸಿ

ಪ್ರಶ್ನೆ: ಆ್ಯಪ್‌ನಿಂದ ಇಳಿಸಿಕೊಂಡ ಸಿಎಸ್‌ವಿ ಫೈಲ್‌ನಲ್ಲಿ ದಿನಾಂಕದ ಜಾಗದಲ್ಲಿ 1700000000 ಥರದ ಸಂಖ್ಯೆಗಳಿವೆ. ಎಕ್ಸೆಲ್‌ನಲ್ಲಿ ಸೆಲ್ ಫಾರ್ಮ್ಯಾಟ್ ಅನ್ನು ಡೇಟ್‌ಗೆ ಬದಲಿಸಿದರೆ ಬರೀ ####### ಕಾಣುತ್ತದೆ. ಇದನ್ನು ದಿನಾಂಕ ಮಾಡುವುದು, ದಿನಾಂಕವನ್ನು ಮತ್ತೆ ಸಂಖ್ಯೆ ಮಾಡುವುದು ಹೇಗೆ?

ಉತ್ತರ: ಕಾಲಂ ಎಷ್ಟು ಅಗಲ ಮಾಡಿದರೂ ಆ ####### ಹೋಗುವುದಿಲ್ಲ. ನಿಮ್ಮ ಸಂಖ್ಯೆ ಸೆಕೆಂಡುಗಳ ಲೆಕ್ಕ, ಎಕ್ಸೆಲ್ ಅದನ್ನು ದಿನಗಳೆಂದು ಓದುತ್ತಿದೆ. 170 ಕೋಟಿ ದಿನ ಎಂದರೆ ಎಕ್ಸೆಲ್‌ನ ಕ್ಯಾಲೆಂಡರ್ ಮುಗಿಯುವ 9999ನೇ ಇಸವಿಗೂ ಎಷ್ಟೋ ಆಚೆ.

ಇದು ಯೂನಿಕ್ಸ್ ಟೈಮ್‌ಸ್ಟ್ಯಾಂಪ್. ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಲೆಕ್ಕದ 1970ರ ಜನವರಿ 1, 00:00 ಗಂಟೆಯಿಂದ ಎಷ್ಟು ಸೆಕೆಂಡು ಕಳೆದಿದೆ ಎಂಬ ಎಣಿಕೆ. ಎಕ್ಸೆಲ್‌ನಲ್ಲಿ ಆ ದಿನದ ಕ್ರಮಸಂಖ್ಯೆ 25569, ದಿನಕ್ಕೆ 86400 ಸೆಕೆಂಡು. ಸಂಖ್ಯೆ ಎ2 ಸೆಲ್‌ನಲ್ಲಿದ್ದರೆ ಪಕ್ಕದಲ್ಲಿ =ಎ2/86400+25569 ಎಂದು ಹಾಕಿ (ಕಾಲಂನ ಅಕ್ಷರ ಮಾತ್ರ ಇಂಗ್ಲಿಷಿನಲ್ಲಿರಲಿ), ಆಮೇಲೆ ಆ ಸೆಲ್‌ಗೆ ದಿನಾಂಕ ಮತ್ತು ಸಮಯದ ಫಾರ್ಮ್ಯಾಟ್ ಕೊಡಿ. ನಿಮ್ಮ ಸಂಖ್ಯೆಗೆ 2023ರ ನವೆಂಬರ್ 14, 22:13:20 ಬರಬೇಕು. ನಾಲ್ಕು ವರ್ಷ ಮುಂದಿನದು ಬಂದರೆ ಆ ಫೈಲ್ 1904ರಿಂದ ದಿನ ಎಣಿಸುವ ಪದ್ಧತಿಯಲ್ಲಿದೆ. ಹಳೆಯ ಮ್ಯಾಕ್ ಫೈಲ್‌ಗಳಲ್ಲಿ ಇದು ಸಾಮಾನ್ಯ. ಅಲ್ಲಿ 25569ರ ಬದಲು 24107 ಹಾಕಬೇಕು.

ಸೂತ್ರ ಹಾಕುವ ಮೊದಲು ಅಂಕಿ ಎಣಿಸಲೇಬೇಕು. ಈಚಿನ ದಿನಾಂಕಗಳಿಗೆ 10 ಅಂಕಿ ಇದ್ದರೆ ಸೆಕೆಂಡು, 13 ಇದ್ದರೆ ಮಿಲಿಸೆಕೆಂಡು, 16 ಇದ್ದರೆ ಮೈಕ್ರೋಸೆಕೆಂಡು. 13 ಅಂಕಿಯದನ್ನು 86400000ದಿಂದ ಭಾಗಿಸಿ. ವೆಬ್‌ಪುಟಗಳ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್ ಎಣಿಸುವುದು ಮಿಲಿಸೆಕೆಂಡಿನಲ್ಲಿ. ಅದಕ್ಕೆ 10 ಅಂಕಿಯದನ್ನು ನೇರವಾಗಿ ಕೊಟ್ಟರೆ 1970ರ ಜನವರಿ 20 ಬರುತ್ತದೆ. ಎಲ್ಲ ಸಾಲುಗಳೂ 1970ರ ಜನವರಿಯಲ್ಲೇ ನಿಂತಿದ್ದರೆ ಕಾರಣ ಬಹುತೇಕ ಇದೇ. ಇನ್ನೊಂದು ಎಚ್ಚರ: ಎಕ್ಸೆಲ್ 15 ಅಂಕಿಯಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಸೊನ್ನೆ ಮಾಡುತ್ತದೆ. ಅದಕ್ಕಿಂತ ಉದ್ದದ ಸಂಖ್ಯೆಗಳ ಕಾಲಂ ಅನ್ನು ಟೆಕ್ಸ್ಟ್ ಆಗಿಯೇ ಇಂಪೋರ್ಟ್ ಮಾಡಿ.

ಹೆಚ್ಚು ಜನ ಎಡವುವುದು ಸಮಯವಲಯದಲ್ಲಿ. ಮೇಲಿನ ಸೂತ್ರ ಕೊಡುವುದು ಯುಟಿಸಿ ಸಮಯ. ಐದೂವರೆ ಗಂಟೆ ಮುಂದಿರುವ ವಲಯಕ್ಕೆ ಅದರ ಕೊನೆಗೆ +5.5/24 ಸೇರಿಸಬೇಕು. ಗಡಿಯಾರ ನೋಡುವ ಅಭ್ಯಾಸದಲ್ಲಿ 5.30 ಎಂದು ಬರೆದುಬಿಟ್ಟರೆ ಪ್ರತಿ ಸಾಲಿನಲ್ಲೂ 12 ನಿಮಿಷ ಕಡಿಮೆ ಬರುತ್ತದೆ, ದಿನಾಂಕ ಸರಿಯಾಗಿಯೇ ಕಾಣುವುದರಿಂದ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ. ಸರಿಯಾಗಿ ಸೇರಿಸಿದರೆ ನಿಮ್ಮ ಸಂಖ್ಯೆ ನವೆಂಬರ್ 15ರ ಬೆಳಗಿನ ಜಾವ 3:43:20 ಆಗುತ್ತದೆ, ಅಂದರೆ ದಿನವೇ ಬದಲು. ದಿನವಾರು ಮೊತ್ತ ತೆಗೆಯುವುದಿದ್ದರೆ ವಲಯ ಸೇರಿಸಿದ ಮೇಲೆಯೇ ತೆಗೆಯಿರಿ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಪ್ರದೇಶಗಳಿಗೆ ಈ ಸ್ಥಿರ ಸಂಖ್ಯೆ ಸಾಲದು. ಅಲ್ಲಿ ಪೈಥಾನ್‌ನಂಥ ಭಾಷೆಯಲ್ಲಿ ವಲಯದ ಹೆಸರನ್ನೇ ಕೊಟ್ಟು ಪರಿವರ್ತಿಸುವುದು ಸರಿ.

ದಿನಾಂಕದಿಂದ ಸಂಖ್ಯೆಗೆ ಹೋಗುವಾಗ ಕ್ರಮ ತಿರುಗುಮುರುಗು: ಮೊದಲು 5.5/24 ಕಳೆಯಿರಿ, ಆಮೇಲೆ 25569 ಕಳೆಯಿರಿ, ಕೊನೆಗೆ 86400ರಿಂದ ಗುಣಿಸಿ. ಎಕ್ಸೆಲ್ ಸಮಯವನ್ನು ದಶಮಾಂಶದಲ್ಲಿ ಇಡುವುದರಿಂದ 1699999999.99 ಎಂಬಂಥ ಉತ್ತರ ಬರಬಹುದು. ಇಡೀ ಸೂತ್ರವನ್ನು ರೌಂಡ್ ಫಂಕ್ಷನ್‌ನೊಳಗೆ ಹಾಕಿ. #ವ್ಯಾಲ್ಯೂ! ಎಂದು ಬಂದರೆ ಆ ದಿನಾಂಕ ಬರೀ ಅಕ್ಷರವಾಗಿ ಕೂತಿದೆ ಎಂದರ್ಥ. ಅಂಥವು ಸಾಮಾನ್ಯವಾಗಿ ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತವೆ. ಟೆಕ್ಸ್ಟ್ ಟು ಕಾಲಮ್ಸ್‌ನ ಕೊನೆಯ ಹಂತದಲ್ಲಿ ಡೇಟ್ ಆರಿಸಿ, ದಿನ-ತಿಂಗಳು-ವರ್ಷ ಯಾವ ಕ್ರಮದಲ್ಲಿದೆಯೋ ಅದನ್ನೇ ಕೊಡಿ. 03/04 ಎಂಬುದು ಮಾರ್ಚ್ 4 ಆಗದೆ ಏಪ್ರಿಲ್ 3 ಆಗಿಯೇ ಉಳಿಯಬೇಕಾದರೆ ಈ ಹಂತ ಬಿಡಬೇಡಿ.