ಕ್ರೈಸ್ತರು ತಮ್ಮ ನಂಬಿಕೆಯನ್ನು ಬೇರೆಯವರಿಗೆ ಯಾಕೆ ಹೇಳಬೇಕು? ಆಫೀಸಿನಲ್ಲಿ ಬಾಯಿ ತೆರೆಯೋಕೆ ಹೆದರಿಕೆ, ನನ್ನ ನಂಬಿಕೆಯೇ ಕಡಿಮೆಯಾ?

ಹೆದರಿಕೆ ಇರೋದು ಒಳ್ಳೇದು. ಇಪ್ಪತ್ತಾರನೇ ವಯಸ್ಸಲ್ಲಿ ನನಗೆ ಅದು ಇರಲಿಲ್ಲ. ಇದ್ದಿದ್ದರೆ ಎಂಟು ವರ್ಷ ಒಬ್ಬ ಗೆಳೆಯನನ್ನು ಕಳ್ಕೊಳ್ತಿರಲಿಲ್ಲ.

ನಾನು ದಾವಣಗೆರೆಯವನು. ಮಂಡಿಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೀತಿದ್ದೆ, ಅವನು ಗೋಡೌನ್ ನೋಡ್ಕೊಳ್ತಿದ್ದ. ಮಧ್ಯಾಹ್ನ ಅವರಮ್ಮನ ರೊಟ್ಟಿ, ನಮ್ಮಮ್ಮನ ಚಟ್ನಿ. ಕ್ರಿಸ್‌ಮಸ್‌ಗೆ ಅವನು ನಮ್ಮನೆಗೆ, ವರ್ಷ ಬಿಟ್ಟು ವರ್ಷ ಬರೋ ದುಗ್ಗಮ್ಮನ ಜಾತ್ರೆಗೆ ನಾನು ಅವರ ಮನೆಗೆ ಊಟಕ್ಕೆ.

ಆಗ ನಮ್ಮ ಪ್ರಾರ್ಥನೆ ಗುಂಪಿನಲ್ಲಿ ಒಂದು ನೋಟ್‌ಬುಕ್ ಇತ್ತು. ಈ ವಾರ ಎಷ್ಟು ಜನಕ್ಕೆ ಸುವಾರ್ತೆ ಹೇಳಿದ್ವಿ ಅಂತ ಪ್ರತಿಯೊಬ್ಬರ ಹೆಸರಿನ ಮುಂದೆ ಅಂಕಿ. ‘ಆತ್ಮಗಳ ಭಾರ’ ಅಂತ ಅದಕ್ಕೆ ಹೆಸರು ಬೇರೆ. ಮೂರು ವಾರದಿಂದ ನನ್ನ ಮುಂದೆ ಸೊನ್ನೆ. ನಾಲ್ಕನೇ ವಾರ ನನ್ನ ಗೆಳೆಯನ ಅಪ್ಪ ತೀರಿಕೊಂಡ್ರು.

ಮೂರನೇ ದಿನ ಹಾಲು-ತುಪ್ಪ ಬಿಟ್ಟು ಬಂದು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ರು. ಅವನು ಗೋಡೆಗೆ ಒರಗಿದ್ದ. ನಾನು ಪಕ್ಕದಲ್ಲಿ ಕೂತು ಜೇಬಿನಿಂದ ಕರಪತ್ರ ತೆಗೆದು ಕೈಗಿಟ್ಟೆ, ಸತ್ತ ಮೇಲೆ ಎಲ್ಲಿಗೆ ಹೋಗ್ತೀವಿ ಅನ್ನೋದರ ಬಗ್ಗೆ ಅದು. ಜೊತೆಗೆ ಐದು ನಿಮಿಷ ಮಾತಾಡಿದೆ. ಅವನು ಪೂರ್ತಿ ಓದಿದ. ನಾಲ್ಕು ಮಡಿಕೆ ಮಾಡಿ ಚಹಾ ಲೋಟದ ಕೆಳಗಿಟ್ಟ. ಲೋಟದಿಂದ ಇಳಿದ ಚಹಾ ಕಾಗದಕ್ಕೆ ಹತ್ತಿತು. “ನಮ್ಮಪ್ಪ ಎಲ್ಲಿಗೆ ಹೋದ ಅಂತ ಇದ್ರಾಗ ಬರ್ದೈತೇನಲೇ?” ಅಂದ. ನಾನು ಉತ್ತರ ಹುಡುಕ್ತಿದ್ದೆ. ಅವನು ಎದ್ದು ಒಳಗೆ ಹೋದ.

ನನ್ನ ತಪ್ಪು ಏನು ಅಂತ ವರ್ಷಗಟ್ಟಲೆ ಲೆಕ್ಕ ಹಾಕಿದ್ದೀನಿ. ಹೇಳಿದ್ದು ತಪ್ಪಲ್ಲ. ಸಾವಿನ ಮನೆಯಲ್ಲಿ ಹೇಳಿದ್ದೂ ಅಲ್ಲ, ಬೈಬಲಿನ ಯೋಹಾನ 11ರಲ್ಲಿ ಯೇಸು ತನ್ನ ಗೆಳೆಯ ಲಾಜರನ ಸಾವಿಗೆ ಬಂದಾಗ ಪುನರುತ್ಥಾನದ ಮಾತಾಡಿದ್ನಲ್ಲ ಅಂತ ನಾನೇ ವಾದ ಮಾಡ್ತಿದ್ದೆ. ಆದರೆ ಅಲ್ಲಿ ಲಾಜರನ ಅಕ್ಕತಂಗಿಯರಲ್ಲಿ ಮಾರ್ಥಳೇ ಎದ್ದು ದಾರಿಗೆ ಬಂದಳು, ಅವಳೇ ಮೊದಲು ಬಾಯಿ ತೆರೆದಳು. ಇನ್ನೊಬ್ಬಳು ಮರಿಯಳು ಬಂದು ಕಾಲಿಗೆ ಬಿದ್ದು ಅತ್ತಾಗ ಆತ ಉಪದೇಶ ಮಾಡಲಿಲ್ಲ, ತಾನೂ ಅತ್ತ. ನನ್ನ ಗೆಳೆಯ ಅವತ್ತು ಮರಿಯಳಾಗಿದ್ದ, ನಾನು ಮಾರ್ಥಳಿಗೆ ಹೇಳೋ ಮಾತು ಹೇಳಿದೆ. ಇದೂ ಪೂರ್ತಿ ನಿಜ ಅಲ್ಲ. ನಿಜ ಏನಂದ್ರೆ, ಅವತ್ತು ಶುಕ್ರವಾರ. ಭಾನುವಾರ ನೋಟ್‌ಬುಕ್ ಬರುತ್ತೆ. ಅವರ ಮನೆ ಮೆಟ್ಟಿಲು ಹತ್ತುವಾಗಲೇ ನನ್ನ ತಲೇಲಿ ‘1’ ಬಿದ್ದಿತ್ತು. ಭಾನುವಾರ ಅದನ್ನು ಬರೆದೂ ಬಿಟ್ಟೆ.

ಬೆಣ್ಣೆ ದೋಸೆ ತಿಂದವನು ನಾಲ್ಕು ಜನಕ್ಕೆ ಹೇಳದೆ ಇರ್ತಾನಾ ಅಂತ ನಮ್ಮ ಪಾಸ್ಟರ್ ಉದಾಹರಣೆ ಕೊಡ್ತಿದ್ರು. ಇರಲ್ಲ, ಒಪ್ಪಿದೆ. ಆದರೆ ಸೂತಕದ ಮನೆಗೆ ಹೋಗಿ ಯಾರೂ ದೋಸೆ ಹೋಟೆಲಿನ ಅಡ್ರೆಸ್ ಕೊಡಲ್ಲ.

ಯಾಕೆ ಹೇಳಬೇಕು ಅಂದ್ರೆ ಮತ್ತಾಯ 28ರಲ್ಲಿ ಎಲ್ಲಾ ಜನಾಂಗಗಳಿಗೆ ಹೋಗಿ ಅಂತ ಅಪ್ಪಣೆ ಇದೆ. ಅದನ್ನು ತಳ್ಳಿಹಾಕೋಕೆ ಆಗಲ್ಲ, ನಾನೂ ಹಾಕಲ್ಲ. ನಿಮ್ಮ ಪ್ರಶ್ನೆ ಹೊರಟಿರೋ ಜಾಗವೇ ತಪ್ಪು ಅಂತ ನನ್ನ ತಕರಾರು. ಬಾಯಿ ತೆರೆಯದವನಿಗೆ ನಂಬಿಕೆ ಕಡಿಮೆ ಅಂತ ಯಾರು ಹೇಳಿದ್ರು? 1 ಪೇತ್ರ 3:15ರಲ್ಲಿ, ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳಿದವರಿಗೆ ಉತ್ತರ ಕೊಡೋಕೆ ಸಿದ್ಧರಾಗಿರಿ, ಅದನ್ನೂ ಮೆತ್ತಗೆ ಹೇಳಿ ಅಂತಿದೆ. ಕೇಳಿದವರಿಗೆ! ಯಾರೂ ಕೇಳ್ತಿಲ್ಲ ಅಂದ್ರೆ ಚಿಂತೆ ಮಾಡಬೇಕಾದ್ದು ನಮ್ಮ ಬಾಳಿನ ಬಗ್ಗೆ, ಬಾಯಿ ಬಗ್ಗೆ ಅಲ್ಲ.

ಇನ್ನು ಕಾನೂನಿನ ಮಾತು. ಸಂವಿಧಾನದ 25ನೇ ವಿಧಿಯಲ್ಲಿ ಪ್ರಚಾರದ ಹಕ್ಕಿದೆ, ಅದು ಇನ್ನೊಬ್ಬರನ್ನು ಮತಾಂತರಿಸೋ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಇದಕ್ಕೆ ನಮ್ಮವರು ಕೆಲವರು ಸಿಡುಕ್ತಾರೆ. ನಾನು ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದವನು ದೇವರು ಅಂತ, ತನ್ನ ಜೊತೆಗೆ ಇನ್ನೊಬ್ಬ ಬೋಧಕನ ಹೆಸರು ಸೇರಿಸಿ, ಅಪೊಸ್ತಲ ಪೌಲನೇ ಬೈಬಲಿನಲ್ಲಿ ಬರೆದಿಲ್ವಾ? ಬದಲಾಯಿಸೋ ಕೆಲಸ ನಮ್ಮದಲ್ಲವೇ ಅಲ್ಲ.

ಎಂಟು ವರ್ಷ ಆದಮೇಲೆ ಅಶೋಕ ರಸ್ತೆ ರೈಲ್ವೆ ಗೇಟ್ ಹಾಕಿತ್ತು. ಪಕ್ಕದ ಬೈಕಿನಲ್ಲಿ ಅವನು. ಸುಮಾರು ಹೊತ್ತು ಇಬ್ಬರೂ ಹಳಿ ನೋಡ್ಕೊಂಡು ನಿಂತ್ವಿ. ಆಮೇಲೆ ಅವನೇ, “ವಾರವಾರ ಚರ್ಚಿಗೆ ಹೋಗ್ತೀಯಲ್ಲ, ಏನ್ ಸಿಗ್ತೈತಲೇ ನಿಂಗೆ?” ಅಂದ.

“ಅವತ್ತು ನಿಮ್ಮನೇಲಿ ನಾನು ಮಾಡಿದ್ದಕ್ಕೂ ಕ್ಷಮೆ ಐತೆ ಅಂತಾರೆ ಅಲ್ಲಿ. ಅದನ್ನ ನಂಬ್ಕೊಂಡು ಹೋಗ್ತೀನಿ.”

“ನಾನಿನ್ನೂ ಬಿಟ್ಟಿಲ್ಲ ಅದನ್ನ” ಅಂದ.

ರೈಲು ಹೋಯ್ತು, ಗೇಟು ಎದ್ದಿತು, ಹಿಂದಿನವರು ಹಾರ್ನ್ ಹೊಡೀತಿದ್ರು. ದಾಟಿದ ಮೇಲೆ ಅವನು ಬೈಕ್ ಸೈಡಿಗೆ ಹಾಕಿದ, ನಾನೂ ಹಾಕಿದೆ. ಮಿರ್ಚಿ ಮಂಡಕ್ಕಿ ತಿಂದ್ವಿ. ದುಡ್ಡು ನಾನೇ ಕೊಟ್ಟೆ.