ಮುತ್ತಜ್ಜನ ಮನೆ ಹುಡುಕಿಕೊಂಡು ಕುಂಬಳೆ ಸೀಮೆಗೆ

ನಿಮ್ಮ ಮುತ್ತಜ್ಜ ಕಾಸರಗೋಡಿನ ಈ ಕುಂಬಳೆ ಸೀಮೆಯಿಂದ ಬೆಂಗಳೂರಿಗೆ ಹೋದವರು, ಅವರ ಮೂಲದ ಮನೆ ಹುಡುಕಲು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಬರೀ ಅವರ ಹೆಸರು ಹಿಡಿದುಕೊಂಡು ಕಾಸರಗೋಡಿಗೆ ಬಂದರೆ ಸುಮ್ನೆ ಅಲೆದಾಟ. ಮನೆಯ ಹೆಸರು ಬೇಕು.

ಯಾಕೆಂದರೆ ನಮ್ಮ ಹವ್ಯಕರಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಈಶ್ವರ ಭಟ್ಟರ ಮಗ ಕೃಷ್ಣ ಭಟ್ಟ, ಅವರ ಮಗ ಮತ್ತೆ ಈಶ್ವರ ಭಟ್ಟ. ಮನೆ ಹೆಸರಾದರೂ ನೆಟ್ಟಗಿದೆಯಾ ಅಂದರೆ ಅದೂ ನೆಲ ನೋಡಿ ಇಟ್ಟದ್ದು: ಅಡ್ಕ, ಮೂಲೆ, ಕಜೆ, ಗುಂಡಿ. ಬದಿಯಡ್ಕ ಕಡೆ ಒಂದು ಮೂಲೆ, ಪೆರ್ಲದ ಕಡೆ ಇನ್ನೊಂದು. ಪಾಲಾಗಿ ಬೇರೆ ಕಡೆ ತೋಟ ಮಾಡಿದವರು ಹೊಸ ಜಾಗದ ಹೆಸರಿನವರಾಗುತ್ತಾರೆ. ಹಾಗಾಗಿ ಹಳೆಯ ಮನೆ, ಹೊಸ ಮನೆ ಎರಡನ್ನೂ ಕೇಳಿಕೊಳ್ಳಿ.

ವರ್ಷವೂ ಹೀಗೇ ಸುತ್ತು ಬರುತ್ತದೆ. ನಮ್ಮ ಅಡುಗೆಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಒಂದು ಮೂಲಗೇಣಿ (ಕಾಯಂ ಗೇಣಿ) ಪತ್ರ ಸಿಕ್ಕಿತು. 'ವಿಕಾರಿ ಸಂವತ್ಸರದ ಕಾರ್ತಿಕ' ಅಂತ ಮಾತ್ರ ಓದಲು ಬರುತ್ತಿತ್ತು, ಉಳಿದ ತಾರೀಕನ್ನು ಗೆದ್ದಲು ತಿಂದಿತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಅಲ್ವಾ? ಚಿಕ್ಕಪ್ಪ 1959 ಅಂದರು. ಪತ್ರದಲ್ಲಿದ್ದ ಹೆಸರು ಅವರ ಅಜ್ಜನದ್ದೇ. ಆದರೆ ಕಾಗದದ ತಲೆಯ ಮೇಲೆ ವಿಕ್ಟೋರಿಯಾ ರಾಣಿಯ ಮುದ್ರೆ! ಅಲ್ಲಿಗೆ 1899. 1839 ಆಗಿದ್ದರೆ ಆಗಿನ್ನೂ ಕಂಪನಿ ಸರಕಾರ. ಅಂದರೆ ಅದು ಚಿಕ್ಕಪ್ಪನ ಅಜ್ಜ ಅಲ್ಲ, ಆ ಅಜ್ಜನ ಅಜ್ಜ. ಒಂದು ರಾಣಿ ಮುಖ ನಮಗೆ ಎರಡು ತಲೆಮಾರು ಕೊಟ್ಟಿತು.

ಗೆದ್ದಲಿನ ಮಾತು ಬಂತು. ಮೊದಲು ಒಲೆಯ ಹೊಗೆ ಏರಿ ಅಟ್ಟದ ಕಾಗದ, ತಾಳೆಗರಿ ಎಲ್ಲ ಕಪ್ಪಾದರೂ ಹುಳ ಹಿಡಿಯುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ಹೊಗೆ ಹೋಯಿತು, ಹುಳ ಬಂತು. ನಿಮ್ಮವರ ಪೆಟ್ಟಿಗೆ ಎಲ್ಲಾದರೂ ಇದ್ದರೆ ಇವತ್ತೇ ಫೋಟೋ ಹೊಡೆದಿಡಿ.

ಕಚೇರಿಯಲ್ಲೂ ಹುಡುಕಬಹುದು, ತಾಳ್ಮೆ ಬೇಕು ಅಷ್ಟೆ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿನ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆಯವರು, ಆಮೇಲೆ ಕೇರಳದವರು. ಆಗಿನ ಎಷ್ಟೋ ದಾಖಲೆ ಕನ್ನಡದಲ್ಲಿ, ಅದೂ ಮೋಡಿ ಲಿಪಿಯ ಹಾಗೆ ಎಳೆದು ಬರೆದ ಕೈಬರಹ. ಒಂದು ಕಡೆ ನಕಲು ಕೇಳಲು ಹೋದಾಗ ಪುಸ್ತಕ ತೆಗೆದು ಮುಂದಿಟ್ಟರು, 'ನೀವೇ ಓದಿ ಹೇಳಿ, ಯಾವುದು ಬೇಕು' ಅಂದರು. ಅವರಿಗೆ ಮಲಯಾಳ ಮಾತ್ರ ಗೊತ್ತು. ನನಗೂ ಅರ್ಧ ಅರ್ಥವಾಗಲಿಲ್ಲ. ಮೂರನೇ ಸಲ ಹೋದಾಗ ಊರಿನ ಹಳೆಯ ಮೇಷ್ಟ್ರನ್ನು ಕರೆದುಕೊಂಡು ಹೋದೆ. ಆ ಅಕ್ಷರ ಓದುವವರು ನಮ್ಮ ಊರಲ್ಲಿ ಇನ್ನು ಇಬ್ಬರೋ ಮೂವರೋ. ಓದಿಸಿದ್ದನ್ನೆಲ್ಲ ಟೈಪ್ ಮಾಡಿ ಇಡುತ್ತಿದ್ದೇನೆ, ಪಕ್ಕದಲ್ಲಿ ಮಲಯಾಳದಲ್ಲೂ. ತಂಗಿಯ ಮಕ್ಕಳಿಗೆ ಅದೇ ಬೇಗ ಓದಲು ಬರುವುದು.

ಕಾಗದಕ್ಕಿಂತ ಗಟ್ಟಿ ಶ್ರಾದ್ಧ. ಅಪ್ಪ, ಅಜ್ಜ, ಮುತ್ತಜ್ಜ ಮೂರು ಹೆಸರು ಹೇಳಲೇಬೇಕು. ಮನೆಯ ಹಿರಿಯರನ್ನು 'ನಿಮ್ಮ ಅಪ್ಪ ಯಾರ ಹೆಸರು ಹೇಳುತ್ತಿದ್ದರು' ಅಂತ ಕೇಳಿ. ಅವರಿಂದ ನಾಲ್ಕು ತಲೆ ಮೇಲಕ್ಕೆ ಹೋಯಿತು.

ಬಂಟರ ಮನೆಯಾದರೆ ಲೆಕ್ಕ ಬೇರೆ. ಅಲ್ಲಿ ಅಳಿಯಸಂತಾನ, ತಾಯಿಯ ಕಡೆಯಿಂದ ಹಿಡಿಯಬೇಕು. ತರವಾಡು ಮನೆ (ಕುಟುಂಬದ ಮೂಲ ಮನೆ) ಎಲ್ಲಿ, ಮೂಲದ ನಾಗ ಎಲ್ಲಿ ಅಂತ ಕೇಳುತ್ತಾರೆ. ಮುಂಬೈಯಲ್ಲಿ ನೆಲೆಸಿದವರು ಇದ್ದಕ್ಕಿದ್ದಂತೆ ಊರಿಗೆ ಬಂದು ನಾಗಬನ ಹುಡುಕುವುದು ಇಲ್ಲಿ ಮಾಮೂಲಿ. ಮನೆಯಲ್ಲಿ ಏನೋ ತೊಂದರೆ ಆಗಿರುತ್ತದೆ, ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದಾಗ ಮೂಲ ಬಿಟ್ಟಿದ್ದೀರಿ ಅಂತ ಬಂದಿರುತ್ತದೆ. ನಂಬುವುದು ಬಿಡುವುದು ಬೇರೆ, ಆ ನೆಪದಲ್ಲಿ ಎಷ್ಟು ವಂಶವೃಕ್ಷ ಬರೆದಾಗಿದೆಯೋ!

ನಿಮ್ಮವರು ಇಲ್ಲಿ 'ಮೊದಲು ಬಂದು ನೆಲೆಸಿದವರು' ಅಂತಲೂ ಬರೆದಿದ್ದೀರಲ್ಲ, ಆ ಮಾತು ಸ್ವಲ್ಪ ನೋಡಿಕೊಂಡು. ಕರಾಡ ಬ್ರಾಹ್ಮಣರು ಮಹಾರಾಷ್ಟ್ರದ ಕಡೆಯಿಂದ ಬಂದರು, ಕೊಂಕಣಿಯವರು ಗೋವೆಯಿಂದ, ನಾವು ಉತ್ತರದ ಘಟ್ಟದ ಕಡೆಯಿಂದ. ಬುಡಕಟ್ಟಿನವರಾದ ಕೊರಗರು ಅದಕ್ಕೂ ಮೊದಲೇ ಇಲ್ಲಿದ್ದವರು. ನಮ್ಮ ಪೆಟ್ಟಿಗೆಯ ಒಂದು ಕಾಗದದಲ್ಲೂ ಅವರ ಹೆಸರಿಲ್ಲ. ತೋಟಕ್ಕೆ ನೀರಿನ ಕಣಿ ತೋಡಿದವರ ಹೆಸರೂ ಇಲ್ಲ.

ಬರುವುದಾದರೆ ಮಳೆಗಾಲ ಕಳೆದು ಬನ್ನಿ, ಗುಡ್ಡದ ದಾರಿ ಆಗ ನಡೆಯುವ ಹಾಗಿರುತ್ತದೆ. ಅದಕ್ಕೂ ಮೊದಲು ನಿಮ್ಮ ದೊಡ್ಡಪ್ಪನಿಗೋ ಅತ್ತೆಗೋ ಫೋನ್ ಮಾಡಿ ಆ ಮೂರು ಹೆಸರು ಬರೆದುಕೊಳ್ಳಿ. ಮಧೂರಿಗೆ ಬಂದು ಫೋನ್ ಮಾಡಿದರೆ ಮೇಷ್ಟ್ರ ಮನೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.