ಚಾಪೆ ಹಾಸಿ ಕೂತವರ ಪರವಾಗಿ

ಪತ್ರ: ಸಂಪಾದಕರೆ, ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಕಳೆದ ವರ್ಷ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತಕ್ಕೆ ಬೋರ್ಡ್ ಮೇಲೆ ನಿಂತು ನೀರಿನಲ್ಲಿ ಜಾರುವ ಆಟ) ಕಲಿತು ಸರ್ಟಿಫಿಕೇಟ್ ಪಡೆದೆ. ಮೊನ್ನೆ ಶನಿವಾರ ಅಲಮೀಡಾದ ಕ್ರೌನ್ ಬೀಚ್‌ನಲ್ಲಿ ಎರಡು ಜಗಳವಾದವು. ಬಲಗೈ ಮುಂದಿಟ್ಟು ದಡದಿಂದ ಹೊರಟಿದ್ದೆ. ಎದುರು ಅಪ್‌ವಿಂಡ್‌ನಿಂದ (ಗಾಳಿ ಬರುವ ಕಡೆಯಿಂದ) ವಾಪಸು ಬರುತ್ತಿದ್ದ ಹಳೆಯ ಸವಾರರೊಬ್ಬರು ದಾರಿ ಬಿಡಲಿಲ್ಲ. ಹಕ್ಕು ನನ್ನದಾದ್ದರಿಂದ ನಾನೂ ಕೈಟ್ ಅಲುಗಿಸಲಿಲ್ಲ. ಕೈಟ್‌ಗಳ ಲೈನ್‌ಗಳು (ದಾರಗಳು) ಸಿಕ್ಕಿಕೊಂಡು ಇಬ್ಬರೂ ಬಿದ್ದೆವು, ಮೇಲೆ ಬೈಸಿಕೊಂಡವನೂ ನಾನೇ. ಆಮೇಲೆ ಮರಳಿನ ಮೇಲೆ ಲೈನ್ ಹಾಸಿಟ್ಟು ಊಟಕ್ಕೆ ಕೂತಿದ್ದಾಗ ಪಕ್ಕದ ಕುಟುಂಬದ ಮಗು ಅವುಗಳ ಮೇಲೆ ಓಡಿತು. ಜಾಗ ಬಿಡಿ ಎಂದರೆ ಅವರು ಏಳಲಿಲ್ಲ. ವಾರಾಂತ್ಯ ಮಧ್ಯಾಹ್ನ 1ರಿಂದ 6ರವರೆಗೆ ಆ ಭಾಗವನ್ನು ಕೈಟ್‌ನವರಿಗೇ ಮೀಸಲಿಡಬೇಕೆಂದು ಮನವಿ ಸಿದ್ಧಪಡಿಸಿದ್ದೇವೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಪತ್ರ ಚೆನ್ನಾಗಿ ಬರೆದಿದ್ದೀರಿ. ಜಗಳವನ್ನು ಇಷ್ಟು ಕ್ರಮವಾಗಿ ಹೇಳುವವರು ಕಡಿಮೆ. ಅದೇ ಕ್ರಮದಲ್ಲಿ ಉತ್ತರಿಸುತ್ತೇನೆ. ಎರಡನೆಯ ಜಗಳದಲ್ಲಿ ಮಾತ್ರ ನಾನು ನಿಮ್ಮ ಕಡೆಯವನಲ್ಲ ಎಂದು ಈಗಲೇ ಹೇಳಿಬಿಡುವುದು ವಾಸಿ.

ಮೊದಲನೆಯದರಲ್ಲಿ ನಿಯಮ ನಿಮ್ಮ ಪರ, ಅದೂ ಎರಡು ಸಲ. ಎದುರುಬದುರಾದಾಗ ಬಲಗೈ ಮುಂದಿರುವವರು ನೇರ ಹೋಗಬೇಕು, ಎಡಗೈ ಮುಂದಿರುವವರು ದಾರಿ ಬಿಡಬೇಕು. ಬಲಗೈ ಮುಂದಿದ್ದರೆ ಗಾಳಿ ಬಲಬದಿಯಿಂದ ಬರುತ್ತಿದೆ ಎಂದರ್ಥ. ಇದು ಹಾಯಿದೋಣಿಗಳಿಂದ ಬಂದ ಕಟ್ಟಳೆ: ಎಡಬದಿಯಿಂದ ಗಾಳಿ ಪಡೆಯುವ ದೋಣಿ ಬಲಬದಿಯಿಂದ ಪಡೆಯುವ ದೋಣಿಗೆ ದಾರಿ ಬಿಡಬೇಕೆಂದು 1972ರ ಅಂತಾರಾಷ್ಟ್ರೀಯ ಸಮುದ್ರ ಸಂಚಾರ ನಿಯಮಗಳಲ್ಲಿ 12ನೆಯದು ಹೇಳುತ್ತದೆ. ಇದಲ್ಲದೆ, ದಡದಿಂದ ಹೊರಡುವವರಿಗೆ ದಡಕ್ಕೆ ಮರಳುವವರು ಜಾಗ ಕೊಡಬೇಕೆಂಬುದು ಕೈಟ್‌ನವರ ರೂಢಿ. ದಡದ ಹತ್ತಿರ ನೀರೂ ಕಡಿಮೆ, ಜಾಗವೂ ಕಡಿಮೆ. ಹೊರಡುವವನು ಅಲ್ಲಿ ತಡೆದು ನಿಂತರೆ ಗಾಳಿ ಅವನನ್ನು ಮರಳಿಗೇ ತಳ್ಳುತ್ತದೆ. ಕ್ರೌನ್ ಬೀಚ್ ನೈಋತ್ಯಕ್ಕೆ ಮುಖ ಮಾಡಿದೆ, ಬೇಸಿಗೆಯ ಗಾಳಿ ಪಶ್ಚಿಮದಿಂದ ಬರುತ್ತದೆ. ಹಾಗಾಗಿ ಅಲ್ಲಿ ಹೊರಡುವವರ ಬಲಗೈ ಮುಂದಿರುತ್ತದೆ, ಮರಳುವವರ ಎಡಗೈ. ಎರಡು ನಿಯಮಗಳೂ ಒಂದೇ ಮಾತು ಹೇಳುವ ಜಾಗದಲ್ಲಿ ನಿಮ್ಮ ಹಿರಿಯ ಸವಾರರಿಗೆ ನೆಪವಿಲ್ಲ.

ಆದರೆ ಅದೇ ಪುಸ್ತಕದ 17ನೇ ನಿಯಮವನ್ನೂ ಓದಿಕೊಳ್ಳಿ. ದಾರಿ ಬಿಡಬೇಕಾದವನು ಒಬ್ಬನೇ ಏನು ಮಾಡಿದರೂ ಡಿಕ್ಕಿ ತಪ್ಪದು ಎನ್ನುವಷ್ಟು ಹತ್ತಿರ ಬಂದಾಗ, ನೇರ ಹೋಗುವ ಹಕ್ಕಿದ್ದವನೂ ತಪ್ಪಿಸಲು ಕೈಲಾದದ್ದು ಮಾಡಲೇಬೇಕು. ಕೈಟ್‌ನಲ್ಲಿ ಅದು ಕಷ್ಟದ ಕೆಲಸವೇನಲ್ಲ. ಇಬ್ಬರು ಹಾಯ್ದುಹೋಗುವಾಗ ಅಪ್‌ವಿಂಡ್‌ನವರು ಕೈಟ್ ಮೇಲೆತ್ತುತ್ತಾರೆ, ಡೌನ್‌ವಿಂಡ್‌ನವರು (ಗಾಳಿ ಹೋಗುವ ಕಡೆಯವರು) ಕೆಳಗಿಳಿಸುತ್ತಾರೆ, ಲೈನ್‌ಗಳು ಒಂದರ ಕೆಳಗೊಂದು ಸರಿದುಹೋಗುತ್ತವೆ. ನೀವು ಡೌನ್‌ವಿಂಡ್‌ನಲ್ಲಿದ್ದಿರಿ. ಬಾರ್ (ಕೈಟ್ ನಡೆಸುವ ಹಿಡಿಕೋಲು) ತಿರುಗಿಸಿ ಕೈಟನ್ನು ನೀರಿನತ್ತ ಇಳಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಿಕ್ಕಿಕೊಂಡ ಮೇಲಂತೂ ಹಕ್ಕಿನ ಲೆಕ್ಕ ಬೇಡ. ಬಾರ್ ಕೈಬಿಡಿ, ಕ್ವಿಕ್ ರಿಲೀಸ್ (ಕೈಟಿನ ಎಳೆತವನ್ನು ಥಟ್ಟನೆ ಕಳಚುವ ಕೊಂಡಿ) ಎಳೆಯಿರಿ, ಆಮೇಲೂ ಇನ್ನೊಬ್ಬರ ಕೈಟ್ ನಿಮ್ಮನ್ನು ಎಳೆಯುತ್ತಿದ್ದರೆ ಕೈಟನ್ನು ಇನ್ನೂ ನಿಮಗೆ ಕಟ್ಟಿರುವ ಲೀಶ್ ಎಂಬ ಪಟ್ಟಿಯನ್ನೂ ಬಿಡಿಸಿಕೊಳ್ಳಿ. ಲೈನ್‌ಗೆ ಮಾತ್ರ ಕೈಹಾಕಬೇಡಿ. ಬಿಗಿಯಾದ ಡೈನೀಮಾ ದಾರ ಬೆರಳು ಕತ್ತರಿಸುತ್ತದೆ. 2002ರಲ್ಲಿ ಜರ್ಮನಿಯ ಸ್ಪರ್ಧೆಯೊಂದರಲ್ಲಿ ಪಳಗಿದ ಆಟಗಾರ್ತಿಯೊಬ್ಬರು ಇನ್ನೊಬ್ಬರ ಕೈಟ್ ಜೊತೆ ಸಿಕ್ಕಿಕೊಂಡೇ ಜೀವ ಕಳೆದುಕೊಂಡರು.

ಇನ್ನು ಮರಳಿನ ಜಗಳ. ನಿಮ್ಮ ಕಷ್ಟ ಅರ್ಥವಾಗದ್ದೇನಲ್ಲ. ಒಳನಾಡಿನ ಕಣಿವೆ ಕಾದು, ಸಮುದ್ರದ ತಂಪು ಗಾಳಿ ಗೋಲ್ಡನ್ ಗೇಟ್ ಮೂಲಕ ನುಗ್ಗುವುದೇ ಮಧ್ಯಾಹ್ನದ ನಂತರ. ವಾರವಿಡೀ ದುಡಿದವರಿಗೆ ಸಿಗುವುದು ಆ ನಾಲ್ಕಾರು ಗಂಟೆ. ಇಷ್ಟು ಒಪ್ಪಿಕೊಂಡು ಕೇಳುತ್ತೇನೆ: ಊಟ ಮಾಡುವಾಗ ನಿಮ್ಮ ಲೈನ್ ಮರಳಿನ ಮೇಲೆ ಯಾಕಿತ್ತು?

ಕೈಟ್‌ನ ಲೈನ್ ನಾಲ್ಕು, ಒಂದೊಂದೂ ಸುಮಾರು 22ರಿಂದ 24 ಮೀಟರ್, ದಪ್ಪ ಎರಡು ಮಿಲಿಮೀಟರ್ ಆಸುಪಾಸು. ಒಣ ಮರಳಿನ ಮೇಲೆ ಬಿಸಿಲಿನಲ್ಲಿ ಅದು ಹಾಸಿದವನಿಗೇ ಕಾಣುವುದಿಲ್ಲ, ನಾಲ್ಕು ವರ್ಷದ ಮಗುವಿಗೆ ಕಾಣಬೇಕೇ? ಉಬ್ಬರ ಏರಿದಾಗ ಕ್ರೌನ್ ಬೀಚ್‌ನ ಮರಳಿನ ಪಟ್ಟಿ ಕಿರಿದಾಗುತ್ತದೆ. ಆ ಹೊತ್ತಿನಲ್ಲಿ ಎಂಟು ಜನ ಲೈನ್ ಹಾಸಿದರೆ ನಡೆಯುವವರಿಗೆ ಉಳಿಯುವುದು ರಸ್ತೆ. ಇದು ಬೆಂಗಳೂರಿನ ಫುಟ್‌ಪಾತ್ ಮೇಲೆ ಬೈಕ್ ನಿಲ್ಲಿಸಿ, ಹಾದುಹೋಗುವಾಗ ಕನ್ನಡಿಗೆ ಕೈ ತಗುಲಿತೆಂದು ರೇಗುವವನ ನ್ಯಾಯ.

ಲೈನ್ ಹಾಸುವುದು, ಜೋಡಿಸುವುದು, ನೋಡುವುದು, ಹಾರಿಸುವುದು, ಎಲ್ಲ ಒಂದೇ ಸರಣಿಯಲ್ಲಿ ಆಗಬೇಕು, ನಡುವೆ ಕಾಫಿ ಇಲ್ಲ. ಕೈಟಿಗೆ ಗಾಳಿ ತುಂಬಿ, ಲೀಡಿಂಗ್ ಎಡ್ಜ್ (ಕೈಟಿನ ಉಬ್ಬಿದ ಮುಂದಿನ ಅಂಚು) ಗಾಳಿ ಬರುವ ಕಡೆಗಿರುವಂತೆ ಮಗುಚಿ, ಬಟ್ಟೆಯ ಮೇಲೆ ಮರಳು ಸುರಿಯಿರಿ. 12 ಚದರ ಮೀಟರಿನ ಕೈಟ್ ಮೂರು ನಾಲ್ಕು ಕಿಲೋ ತೂಗಿದರೆ ಹೆಚ್ಚು, ಭಾರವಿಲ್ಲದಿದ್ದರೆ ಒಂದು ಜೋರುಗಾಳಿಗೆ ಎದ್ದು ಓಡುತ್ತದೆ. ಮರಳಿನ ಬದಲು ಬೋರ್ಡ್ ಹೇರುವವರಿದ್ದಾರೆ. ಕೈಟ್ ಎದ್ದರೆ ಆ ಬೋರ್ಡೂ ಎದ್ದು ಯಾರದೋ ತಲೆಗೆ ಬರುತ್ತದೆ. ಆಮೇಲೆ ಲೈನ್ ಬಿಚ್ಚುತ್ತ ನಡೆದು, ನಾಲ್ಕನ್ನೂ ಬೆರಳ ಸಂದಿಯಲ್ಲಿ ಹಾಯಿಸಿ ಬಿಡಿಸಿ, ಕೆಂಪು ತುದಿ ಎಡಕ್ಕೆ ಬರುವಂತೆ ಜೋಡಿಸಿ. ಹಿಂದಿನ ಎರಡು ಲೈನ್ ಅದಲುಬದಲಾದರೆ ನೀವು ಬಲಕ್ಕೆ ಎಳೆದಷ್ಟೂ ಕೈಟ್ ಎಡಕ್ಕೆ ತಿರುಗುತ್ತದೆ. ಗಾಬರಿಯಲ್ಲಿ ಇನ್ನೂ ಎಳೆಯುತ್ತೀರಿ, ಅದು ಸುತ್ತು ಹಾಕುತ್ತ ಮರಳಿಗೆ ಅಪ್ಪಳಿಸುತ್ತದೆ. ಪಕ್ಕದಲ್ಲಿ ಹರಟೆಗೆ ನಿಂತ ಗೆಳೆಯನಿಂದಲೇ ಈ ಅವಾಂತರ ಹೆಚ್ಚು. ವಿರಾಮ ಬೇಕೆಂದರೆ ಲೈನನ್ನು ಬಾರ್‌ಗೆ ಸುತ್ತಿಡಿ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಹಾರಿಸುವಾಗ ಸಹಾಯಕ ಕೈಟನ್ನು ಲೀಡಿಂಗ್ ಎಡ್ಜ್‌ನ ನಡುವೆ ಹಿಡಿದಿರಬೇಕು, ನೀವು ಗಾಳಿಗೆ ಅಡ್ಡಲಾಗಿ ಲೈನ್ ಬಿಗಿಮಾಡಿ ನಿಲ್ಲಬೇಕು. ಬಟ್ಟೆ ಪಟಪಟಿಸಿದರೆ ಒಂದೆರಡು ಹೆಜ್ಜೆ ಅಪ್‌ವಿಂಡ್‌ಗೆ ಸರಿಯಿರಿ. ಹೆಚ್ಚು ಸರಿದಿರೋ, ಕೈಟ್ ಗಾಳಿಯ ಬಲ ಪೂರ್ತಿ ಸಿಗುವ ಜಾಗದಲ್ಲಿರುತ್ತದೆ, ಸಹಾಯಕ ಬಿಟ್ಟ ಕ್ಷಣ ನಿಮ್ಮನ್ನು ಎತ್ತಿ ಎಸೆಯುತ್ತದೆ. ಹೆಬ್ಬೆರಳು ತೋರಿಸಿದರೆ ಬಿಡು ಎಂದು, ತಲೆಯ ಮೇಲೆ ತಟ್ಟಿಕೊಂಡರೆ ಇಳಿಸಿಕೊ ಎಂದು ಅರ್ಥ. ಸಹಾಯಕ ಕೈ ಬಿಟ್ಟರೆ ಸಾಕು, ಮೇಲಕ್ಕೆ ಎಸೆಯಬಾರದು. ಇದನ್ನು ತಿಳಿಯದವರ ಕೈಗೆ ಕೈಟ್ ಕೊಡಬಾರದು. ಆದರೂ ತಮಾಷೆ ನೋಡಿ: ಜಾಗ ಬಿಡಿ ಎಂದು ಗದರಿಸುವವರೇ ಗೆಳೆಯರು ಸಿಗದಿದ್ದಾಗ ದಾರಿಹೋಕರನ್ನು ಕರೆದು, ಸ್ವಲ್ಪ ಹಿಡ್ಕೊಳ್ತೀರಾ ಎನ್ನುತ್ತಾರೆ.

ಮೇಲೇರಿದ ಕೈಟನ್ನು ನೆತ್ತಿಯ ಮೇಲಿಟ್ಟುಕೊಂಡು ಮರಳಿನ ಮೇಲೆ ನಿಂತು ಮಾತಾಡುವುದು ಕ್ರೌನ್ ಬೀಚ್‌ನಂಥ ಜಾಗದ ದೊಡ್ಡ ಕೆಟ್ಟ ಚಾಳಿ. ನೆತ್ತಿಯ ಮೇಲೆ ಸುರಕ್ಷಿತ ಎಂಬ ಭ್ರಮೆ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 15 ನಾಟ್ ಇದ್ದದ್ದು 20 ಆದರೆ ಎಳೆತ ಮುಕ್ಕಾಲು ಪಾಲು ಹೆಚ್ಚು, ನೆತ್ತಿಯ ಮೇಲಿದ್ದರೆ ಅಷ್ಟೂ ಮೇಲ್ಮುಖ. ಕೈಟನ್ನು ನೀರಿನ ಕಡೆ ತಗ್ಗಾಗಿ ಹಿಡಿದು, ಬೋರ್ಡ್ ತೆಗೆದುಕೊಂಡು, ನೀರಿಗಿಳಿದುಬಿಡಬೇಕು. ಡೌನ್‌ವಿಂಡ್‌ನಲ್ಲಿ 50 ಮೀಟರ್, ಅಂದರೆ ಎರಡು ಲೈನ್ ಉದ್ದ, ಖಾಲಿ ಇರಬೇಕು. ಇಲ್ಲದಿದ್ದರೆ ಹೊರಡುವುದೇ ಬೇಡ. ಜಿಗಿಯುವವರಿಗೆ ಈ 50 ಸಾಲದು, ಅಪ್‌ವಿಂಡ್‌ನಲ್ಲೂ 30 ಬೇಕು. ಜಿಗಿತದ ಎತ್ತರ ಅಳೆಯುವ ಯಂತ್ರಗಳು ಬಂದ ಮೇಲೆ, ನೋಡುವವರಿರುವ ಕಡೆಗೇ ಜಿಗಿಯುವ ಚಟ ಹತ್ತಿದೆ. ಅದಕ್ಕೆ ಮದ್ದು ನನ್ನ ಬಳಿಯಿಲ್ಲ.

ನನ್ನ ನಿಜವಾದ ತಕರಾರು ಇಲ್ಲಿಂದ ಶುರು. ಫ್ರಾನ್ಸಿನ ಬ್ರಿಟನಿಯ ಲೆಗೆನ್ಯೂ ಸಹೋದರರು ಗಾಳಿ ತುಂಬುವ ಕೈಟಿಗೆ ಪೇಟೆಂಟ್ ಕೇಳಿದ್ದು 1984ರಲ್ಲಿ, ಅದು ಮಾರುಕಟ್ಟೆಯಲ್ಲಿ ಹಬ್ಬಿದ್ದು 1997ರ ನಂತರ. 2005ರ ಸುಮಾರಿಗೆ ಬೋ ಕೈಟ್‌ಗಳು ಬಂದವು, ಬಾರ್ ದೂರ ತಳ್ಳಿದರೆ ಎಳೆತ ಬಹುತೇಕ ಹೋಗುವಂತಾಯಿತು. 2020ರಲ್ಲಿ ಕ್ವಿಕ್ ರಿಲೀಸ್‌ಗಳಿಗೆ ಐಎಸ್‌ಒ 21853 ಎಂಬ ಮಾನದಂಡ ಬಂತು. ಎಲ್ಲವೂ ಒಳ್ಳೆಯದೇ. ಆದರೆ ಈ ಸುಧಾರಣೆಗಳೆಲ್ಲ ಕಾಪಾಡಿದ್ದು ಮೊದಲು ಹಾರ್ನೆಸ್ (ಕೈಟಿಗೆ ಕೊಂಡಿ ಹಾಕುವ ಸೊಂಟಪಟ್ಟಿ) ತೊಟ್ಟವನನ್ನು. ಅವನು ರಿಲೀಸ್ ಎಳೆದಾಗ ಕೈಟ್ ಎಲ್ಲಿ ಬೀಳುತ್ತದೆ? ಒಂದೇ ಲೈನಿಗೆ ಜೋತು, ಅವನಿಂದ ಡೌನ್‌ವಿಂಡ್‌ಗೆ ಸುಮಾರು 25 ಮೀಟರ್ ದೂರದಲ್ಲಿ, ಅಲ್ಲಿ ಯಾರಿದ್ದರೆ ಅವರ ಮೇಲೆ. ಲೀಶ್ ಕೂಡ ಬಿಟ್ಟರೆ ನಾಲ್ಕು ಲೈನ್ ಮತ್ತು ಬಾರ್ ಎಳೆದುಕೊಂಡು ದಡದುದ್ದಕ್ಕೂ ಉರುಳುತ್ತದೆ. ಸವಾರನ ಅಪಾಯ ಮುಗಿಯುವಲ್ಲಿ ಚಾಪೆಯವರ ಅಪಾಯ ಮೊದಲಾಗುತ್ತದೆ. ಅವರಿಗೆ ಹೆಲ್ಮೆಟ್ ಇಲ್ಲ, ರಿಲೀಸ್ ಇಲ್ಲ, ಗಾಳಿ ಯಾವ ಕಡೆಯದೆಂದು ಯಾರೂ ಹೇಳಿಕೊಟ್ಟಿಲ್ಲ. ಅವರನ್ನು ನೀವು ಎಬ್ಬಿಸಲು ಹೊರಟಿದ್ದೀರಿ.

ಹಳೆಯ ಸವಾರರ ಬೈಗುಳದ ಹಿಂದೆಯೂ ಇದೇ ಭಯವಿರುತ್ತದೆ. ದಡದಲ್ಲಿ ಕೂತವರೊಬ್ಬರಿಗೆ ಪೆಟ್ಟಾದರೆ ಮುಚ್ಚುವುದು ಒಬ್ಬನ ಆಟವಲ್ಲ, ಇಡೀ ದಡದ ಆಟ. ಬೈಯುವ ಬದಲು ಅವರು ಇದನ್ನು ಹೇಳಿಕೊಡಬಹುದಿತ್ತು. ಹೇಳಿಕೊಡಬೇಕಾಗಿದ್ದ ಶಾಲೆಯೂ ಹೇಳಿರಲಿಕ್ಕಿಲ್ಲ. ಮೂರು ದಿನದ ಕೋರ್ಸಿನಲ್ಲಿ ಹಣ ಕೊಟ್ಟವರಿಗೆ ಬೇಕಾದದ್ದು ಬೋರ್ಡ್ ಮೇಲೆ ಎದ್ದುನಿಂತ ಫೋಟೊ. ಮರಳಿನ ಮೇಲೆ ಹೇಗಿರಬೇಕೆಂಬ ಪಾಠಕ್ಕೆ ಫೋಟೊ ಬರುವುದಿಲ್ಲ. ಸರ್ಟಿಫಿಕೇಟ್ ಇದೆ ಎಂದಿರಿ. ನಮ್ಮಲ್ಲಿ ಡ್ರೈವಿಂಗ್ ಲೈಸೆನ್ಸ್ ಇಲ್ಲದೆ ಯಾರು ಫುಟ್‌ಪಾತ್ ಹತ್ತುತ್ತಾರೆ ಹೇಳಿ!

ಮನವಿಯ ಬಗ್ಗೆ ಕೇಳಿದ್ದೀರಿ. ಅದನ್ನು ಹರಿದುಹಾಕಿ ಎನ್ನುವುದೇ ನನ್ನ ಸಲಹೆ. ಸಾರ್ವಜನಿಕ ದಡದಲ್ಲಿ ಮೀಸಲಾತಿ ಕೇಳುವುದಾದರೆ ಅದು ನಿಮ್ಮನ್ನು ಕಟ್ಟಿಹಾಕುವ ಮೀಸಲಾತಿಯಾಗಿರಲಿ: ಎರಡು ಬಾವುಟಗಳ ನಡುವಿನ ಓಣಿಯಲ್ಲಷ್ಟೇ ಹಾರಿಸುತ್ತೇವೆ, ಇಳಿಸುತ್ತೇವೆ, ಉಳಿದ ಮರಳಿನಲ್ಲಿ ಲೈನ್ ಹಾಸುವುದಿಲ್ಲ ಎಂದು ಬರೆದುಕೊಡಿ. ಉಬ್ಬರ ಪೂರ್ತಿ ಏರಿದ ಹೊತ್ತಿನಲ್ಲಿ ಹೊಸಬರನ್ನು ಇಳಿಸುವುದಿಲ್ಲ ಎಂದೂ ಸೇರಿಸಿ. ದಡದ ಆಗ್ನೇಯ ತುದಿಯಲ್ಲಿ ಎಲ್ಸಿ ರೋಮರ್ ಪಕ್ಷಿಧಾಮವಿದೆ. ಗಾಳಿಗೆದುರು ಏರಿಬರಲಾರದವರು ಪಶ್ಚಿಮದ ಗಾಳಿಗೆ ತೇಲುವುದು ಆ ಕಡೆಗೇ. ಅಷ್ಟು ದೂರ ಹೋಗುವ ಮೊದಲೇ ದಡ ಹತ್ತಿ, ಕೈಟ್ ಇಳಿಸಿ, ಬೋರ್ಡ್ ಹೊತ್ತು ನಡೆದು ಬರಬೇಕೆಂಬ ಸಾಲೂ ಇರಲಿ. ಹೀಗೆ ತಿದ್ದಿದ ಮನವಿಗೆ ಆ ಕುಟುಂಬವೂ ಸಹಿ ಹಾಕೀತು.

ಬೆಂಗಳೂರಿನಿಂದ ರಾಮೇಶ್ವರಕ್ಕೆ ಕೈಟ್ ಕಲಿಯಲು ಹೋಗುವ ಓದುಗರಿಗೂ ಒಂದು ಮಾತು. ಅಲ್ಲಿನ ತೀರ ಬಲೆ ಒಣಗುವ, ದೋಣಿ ಎಳೆದು ನಿಲ್ಲಿಸುವ ಜಾಗ. ತೆಳುನೀರಿನಲ್ಲಿ ಕಟ್ಟಿದ ಬಲೆಗೆ ಬೋರ್ಡಿನ ಫಿನ್ ಸಿಕ್ಕಿದರೆ ನೀವು ಮುಗ್ಗರಿಸುತ್ತೀರಿ, ಅವರ ಬಲೆ ಹರಿಯುತ್ತದೆ. ನಾಳೆ ಈ ಆಟ ನಮ್ಮ ಕರಾವಳಿಗೂ ಬರಬಹುದು. ಕೈರಂಪಣಿ ಬಲೆಯ ಮೀನುಗಾರರು ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಎರಡು ತುದಿಗಳನ್ನು ದಡದಿಂದ ಎಳೆಯುವಾಗ, ಆ ಎರಡು ತುದಿಗಳ ನಡುವಿನ ನೀರೂ ಮರಳೂ ಅವರದ್ದು. ಬಲೆ ದಡಕ್ಕೆ ಬಂದು ಮೀನು ಬುಟ್ಟಿಗೆ ಸೇರುವವರೆಗೆ, ಗಾಳಿ 20 ನಾಟ್ ಇದ್ದರೂ ಕೈಟ್ ಚೀಲದೊಳಗೇ ಇರಬೇಕಾಗುತ್ತದೆ.